ಸಾಯದ ಡ್ರ್ಯಾಗನ್ನಿಗೆ ಸಂತಾಪ

ಕಥೆ ಹೇಳುವುದರಲ್ಲಿ ನಮ್ಮ ವಿಜಯನಗರದ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಎದುರು ಮನೆಯ ಶಾರದಮ್ಮನವರ ಅಭಿಪ್ರಾಯ. ಮದುವೆ, ಮುಂಜಿ ಎಂದು ಊರಿಗೆ ಹೋಗಿ ಬಂದರೆ ಅವರು ಹೂವಿನ ಬುಟ್ಟಿ ಹಿಡಿದು ನೇರವಾಗಿ ನಮ್ಮ ಮನೆಗೆ ಬರುತ್ತಾರೆ. ಅವರು ಹೂ ಕಟ್ಟುತ್ತಾರೆ. ನಾನು ಅವರಿಗೆ ತಪ್ಪಿಹೋದ ಧಾರಾವಾಹಿಯ ಕಂತುಗಳನ್ನು ಅತ್ತೆಯ ಗದರಿಕೆ, ಸೊಸೆಯ ಬಿಕ್ಕಳಿಕೆ ಸಮೇತ ಒಪ್ಪಿಸುತ್ತೇನೆ. "ಟೀವಿಗಿಂತ ನೀವೇ ವಾಸಿ ಕಣ್ರೀ" ಎಂದು ಅವರು ಹೇಳಿದ್ದನ್ನು ನನ್ನ ಹೆಂಡತಿ ಗಿರಿಜಾ ಕಿವಿಯಾರೆ ಕೇಳಿದ್ದಾಳೆ.

ನನ್ನ ಕಥೆ ಕೇಳದವಳು ಒಬ್ಬಳೇ, ಮಗಳು ಮೇಘನಾ. ಪಿಯುಸಿಗೆ ಸೇರಿದ ಮೇಲೆ ನನ್ನ ಜೊತೆ ಅವಳ ಮಾತು "ಹ್ಞೂಂ", "ಗೊತ್ತಿಲ್ಲ", "ಚಾರ್ಜರ್ ಎಲ್ಲಿ?" ಇಷ್ಟಕ್ಕೇ ಇಳಿದಿತ್ತು. ಅವಳ ಪ್ರಾಣವೆಲ್ಲ ಒಂದು ವಿಡಿಯೊ ಗೇಮಿನಲ್ಲಿ. ಅದರಲ್ಲಿ ಏಲಾ ಎಂಬ ಹುಡುಗಿ, ಅವಳನ್ನು ಬೆನ್ನ ಮೇಲೆ ಹೊತ್ತು ಹಾರುವ ಮೋಕೋ ಎಂಬ ಮುದಿ ಡ್ರ್ಯಾಗನ್. ಅಂಥವಳು ಒಂದು ಸಂಜೆ ತಾನಾಗಿ ಬಂದು, "ಅಪ್ಪಾ, ನನ್ನ ಗೇಮ್‌ದು ಅನಿಮೇಷನ್ ಮೂವಿ ಬರ್ತಾ ಇದೆ. ಗೇಮ್ ಎಲ್ಲಿ ಮುಗಿಯುತ್ತೋ ಅಲ್ಲಿಂದ ಕಥೆ ಮುಂದುವರಿಯುತ್ತೆ. ಫ್ರೆಂಡ್ಸ್ ಯಾರೂ ಫ್ರೀ ಇಲ್ಲ. ನೀನು ಬರ್ತೀಯಾ?" ಎಂದಳು.

ಫ್ರೆಂಡ್ಸ್ ಸಿಗದೆ ನನಗೆ ಬಡ್ತಿ ಸಿಕ್ಕಿದೆ ಎಂಬುದನ್ನು ಗಮನಿಸದವನಂತೆ "ಬರ್ತೀನಿ ಕಣೇ!" ಎಂದೆ. ಈ ಅವಕಾಶ ಕೈತಪ್ಪಿದರೆ ಇನ್ನು ಅವಳ ಮದುವೆಯಲ್ಲೇ ನಾವಿಬ್ಬರೂ ಮಾತಾಡುವುದು!

ಅಂದಮೇಲೆ ತಯಾರಿ ಬೇಕಲ್ಲ? ಹಿಂದಿನ ಕಥೆ ತಿಳಿಯದೆ ಮುಂದಿನದಕ್ಕೆ ಹೋಗಿ ಕೂರುವ ಜಾಯಮಾನ ನನ್ನದಲ್ಲ. ಫೋನಿನಲ್ಲಿ ಹುಡುಕಿದಾಗ ಏಲಾ, ಮೋಕೋ ಇಬ್ಬರ ಸಂಪೂರ್ಣ ಕಥೆ ಸಿಕ್ಕಿತು. ಮೇಲೆ ಏನೋ ತಲೆಬರಹವಿತ್ತು. ತಲೆಬರಹ ಓದಿ ಕಾಲ ಕಳೆಯುವವನಲ್ಲ ನಾನು, ನೇರವಾಗಿ ವಿಷಯಕ್ಕೆ ಇಳಿಯುವವನು. ಪರೀಕ್ಷೆಗೆ ಓದಿದ ಹಾಗೆ ಓದಿ, ಬಚ್ಚಲುಮನೆಯಲ್ಲಿ ಹೇಳಿಕೊಂಡು ಬಾಯಿಪಾಠ ಮಾಡಿದೆ.

ಬಿಡುಗಡೆಯ ದಿನ, ಮೊದಲ ಶೋ. ಸ್ಕೂಟರಿನಲ್ಲಿ ರಾಜಾಜಿನಗರದ ಮಾಲ್ ತಲುಪಿದೆವು. ತಲೆಗೆ ಕೊಂಬು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡ ಹುಡುಗ ಹುಡುಗಿಯರು ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದರು. ಮೇಘನಾ ಪಾಪ್‌ಕಾರ್ನ್ ತರಲು ಹೋದಳು. ಪಕ್ಕದಲ್ಲಿ ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಪೋಸ್ಟರ್ ನೋಡಿ, "ಏನ್ ಸಾರ್ ಇದು, ರೆಕ್ಕೆ ಇರೋ ಹಲ್ಲಿನಾ? ಕಥೆ ಏನು?" ಎಂದರು.

ಕಥೆ ಏನು! ನನ್ನನ್ನು ಕೇಳಿದರು!

ಶುರುಮಾಡಿದೆ. ಮೋಡದ ಗೋಡೆಯಾಚೆ ಏಲಾ ಕಳೆದುಹೋಗುವುದು, ಮೋಕೋಗೆ ಹತ್ತುವ ಕೆಮ್ಮು, ಮೂರು ತಲೆಯ ರಾಣಿ, ಎಲ್ಲವನ್ನೂ ಕೈ ಬೀಸಿ ಬಣ್ಣಿಸಿದೆ. ಸುತ್ತಲಿನ ಗದ್ದಲ ನಿಂತಿತು. ಕೊಂಬಿನವರೆಲ್ಲ ಬಾಯಿ ತೆರೆದುಕೊಂಡು ನಿಂತಿದ್ದರು. ಒಬ್ಬ ಹುಡುಗ ನಡುಗುವ ದನಿಯಲ್ಲಿ, "ಅಂಕಲ್, ಇದು ಗೇಮ್‌ನಲ್ಲಿ ಇಲ್ವಲ್ಲಾ... ನಿಮಗೆ ಹೇಗೆ ಗೊತ್ತು?" ಎಂದ.

"ನಂಗೆ ಹೋದ ವಾರವೇ ಗೊತ್ತಪ್ಪಾ!" ಎಂದೆ.

"ಹೋದ ವಾರನೇ? ಸಾರ್, ನೀವು ಸೆನ್ಸಾರ್‌ನವರಾ?"

ಇಲ್ಲ ಎನ್ನಬೇಕಿತ್ತು. ಆದರೆ ಇಷ್ಟು ಗೌರವದ ಪ್ರಶ್ನೆಯನ್ನು ನನಗೆ ಈವರೆಗೆ ಯಾರೂ ಕೇಳಿರಲಿಲ್ಲ. ಸುಮ್ಮನೆ ಮುಗುಳ್ನಕ್ಕು, ದನಿ ತಗ್ಗಿಸಿ ಮುಗಿಸಿದೆ: "ಕೊನೆಗೆ ಮೋಕೋ ಏಲಾಳ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡುತ್ತೆ."

ಹಿಂದೆ ಏನೋ ಬಿದ್ದ ಸದ್ದು. ತಿರುಗಿದರೆ ನೆಲದ ತುಂಬ ಪಾಪ್‌ಕಾರ್ನ್, ಅದರ ನಡುವೆ ಮೇಘನಾ!

"ಅಪ್ಪಾ... ಸಿನಿಮಾ ಕಥೆ ಪೂರ್ತಿ ಹೇಳ್ಬಿಟ್ಯಾ?"

"ಅಯ್ಯೋ, ಇದು ಹಿಂದಿನ ಕಥೆ ಅಲ್ವೇನೇ?" ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ರೆಕ್ಕೆಯ ಹುಡುಗಿಯೊಬ್ಬಳು ಅಲ್ಲೇ ಅಳಲು ಶುರುಮಾಡಿದಳು. "ಏನ್ ಗುರು ಈ ಅಂಕಲ್ಲು!" ಎಂದು ಯಾರೋ ಹಲ್ಲು ಕಡಿದರು. ಮಗಳಿಗೆ ಹತ್ತಿರವಾಗಲು ಹೋಗಿ ಇಡೀ ಥಿಯೇಟರಿಗೆ ಶತ್ರುವಾದೆ!

ಒಳಗೆ ಮೇಘನಾ ಅಜ್ಜಿಯ ಜೊತೆ ಸೀಟು ಬದಲಾಯಿಸಿಕೊಂಡು, ಅವರ ಮೊಮ್ಮಗಳ ಪಕ್ಕ ಕೂತಳು. ಕತ್ತಲಾದದ್ದು ನನಗೆ ಅನುಕೂಲವೇ ಆಯಿತು. ಆದರೂ ಪರದೆಯ ಮೇಲೆ ಮೋಕೋ ಬಂದಾಗಲೆಲ್ಲ ಮುಂದಿನ ಸಾಲಿನವರು ತಿರುಗಿ ನನ್ನನ್ನು ದುರುಗುಟ್ಟಿದರು, ಅದನ್ನು ಕೊಲ್ಲುವವನು ನಾನೇ ಎಂಬಂತೆ.

ಅಷ್ಟರಲ್ಲಿ ಮೋಕೋ "ಖುಹು ಖುಹು" ಎಂದಿತು. ಅಜ್ಜಿ ನನ್ನ ತೋಳು ಹಿಡಿದು, "ಕೆಮ್ಮು ಶುರುವಾಯ್ತು ಸಾರ್! ಈಗ ಹೋಗ್ಬಿಡುತ್ತಾ?" ಎಂದರು. "ಇನ್ನೂ ಇದೆ ಅಜ್ಜಿ" ಎಂದು ನಾನು ಭಾರವಾದ ದನಿಯಲ್ಲಿ ಹೇಳಿದೆ. ಮತ್ತೆ ಕೆಮ್ಮು, ಮತ್ತೆ ಅಜ್ಜಿಯ ಹಿಡಿತ. ವಿಚಿತ್ರವೆಂದರೆ ಅದು ಕೆಮ್ಮಿದಾಗಲೆಲ್ಲ ಸುತ್ತಲಿನವರು ಗೊಳ್ಳೆಂದು ನಗುತ್ತಿದ್ದರು. ಈಗಿನ ಕಾಲದವರ ಹೃದಯವೇ ಕಲ್ಲು! ನಾನೂ ಅಜ್ಜಿಯೂ ಮಾತ್ರ ಕಣ್ಣೊರೆಸಿಕೊಂಡೆವು. ನಾನು ಕಥೆ ನೋಡಲಿಲ್ಲ, ಆ ಪ್ರಾಣಿಯ ಉಸಿರನ್ನಷ್ಟೇ ನೋಡಿದೆ.

ಸಿನಿಮಾ ಮುಗಿಯಿತು. ಮೋಕೋ ಏಲಾಳನ್ನು ಹೊತ್ತು ಆಕಾಶದಲ್ಲಿ ಗಿರಕಿ ಹೊಡೆಯುತ್ತಿತ್ತು. ಸಾಯಲಿಲ್ಲ! ನಾನು ದಂಗಾದೆ. ಬದುಕಿ ಇಷ್ಟು ಗಾಬರಿ ಹುಟ್ಟಿಸಿದವರನ್ನು ನಾನು ಕಂಡಿರಲಿಲ್ಲ. ದೀಪ ಹತ್ತಿತು. ಎಲ್ಲ ಕೊಂಬುಗಳೂ ನನ್ನ ಕಡೆ ತಿರುಗಿದವು.

"ಸೆನ್ಸಾರ್ ಅಂಕಲ್, ಸತ್ತಿದ್ದು ಎಲ್ಲಿ?"

ಅಜ್ಜಿಯೊಬ್ಬರೇ ನನ್ನ ಪರ ನಿಂತರು. "ಇವರು ಹೇಳಿದ್ದೇ ಚೆನ್ನಾಗಿತ್ತು. ಸಿನಿಮಾದೋರು ಕೆಡಿಸ್ಬಿಟ್ರು ಬಿಡಿ" ಎಂದರು.

ಮೇಘನಾ ಬಂದು ನನ್ನ ಫೋನು ಕಿತ್ತುಕೊಂಡು, ನಾನು ಬಾಯಿಪಾಠ ಮಾಡಿದ್ದನ್ನು ತೆರೆದಳು. ನಾನು ಬಿಟ್ಟಿದ್ದ ತಲೆಬರಹವನ್ನು ಓದಿದಳು. ಸಿನಿಮಾದಲ್ಲಿ ಏನೇನು ಆಗಬಹುದು ಎಂದು ಆ ಗೇಮಿನ ಅಭಿಮಾನಿಯೊಬ್ಬ ಕೂತು ಊಹಿಸಿದ್ದಂತೆ! ನಾನು ಹೇಳಿದ್ದು ಹಿಂದಿನ ಕಥೆಯೂ ಅಲ್ಲ, ಮುಂದಿನದೂ ಅಲ್ಲ. ಹಾಳು ಮಾಡುವುದಕ್ಕೂ ಯೋಗ್ಯತೆ ಬೇಕು, ಸ್ವಾಮಿ!

ಸ್ಕೂಟರಿನಲ್ಲಿ ಅವಳು ನನ್ನನ್ನು ಮುಟ್ಟದೆ ಹಿಂದಿನ ಕಂಬಿ ಹಿಡಿದು ಕೂತಳು. ಹೋಯಿತು, ಇನ್ನು "ಹ್ಞೂಂ" ಕೂಡ ಸಿಗದು ಎಂದುಕೊಂಡೆ. ಮನೆಗೆ ಬಂದರೆ ಶಾರದಮ್ಮನವರು ಹೂವಿನ ಬುಟ್ಟಿಯೊಂದಿಗೆ ಸಿದ್ಧರಾಗಿ ಕೂತಿದ್ದರು.

"ರೀ, ಸಿನಿಮಾ ಕಥೆ ಏನು ಹೇಳಿ" ಎಂದಳು ಗಿರಿಜಾ.

ಬಾಯಿ ತೆರೆದೆ. ಏನೂ ಬರಲಿಲ್ಲ. ತೆಗೆಯದೇ ಇರುವ ಸಿನಿಮಾದ ಕಥೆ ಮಾತ್ರ ನನಗೆ ಗೊತ್ತಿತ್ತು.

"ಅಪ್ಪ ನೋಡ್ಲೇ ಇಲ್ಲ, ನಾನು ಹೇಳ್ತೀನಿ" ಎಂದು ಮೇಘನಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹೇಳಿದಳು ನೋಡಿ! ಮೋಕೋದ ಗದರಿಕೆ, ಏಲಾಳ ಬಿಕ್ಕಳಿಕೆ ಎಲ್ಲ ಸಮೇತ. ಆ ಕೈ ಬೀಸುವ ರೀತಿ ನನ್ನದೇ. ಕಾಲೇಜು ಸೇರಿದ ಮೇಲೆ ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನೂ ಶಾರದಮ್ಮನವರ ಪಕ್ಕ ಕೂತು "ಆಮೇಲೆ?" ಎನ್ನತೊಡಗಿದೆ. ಸಂತೋಷಕ್ಕೆ ಕಣ್ಣು ತುಂಬಿತು.

ಕೊನೆಗೆ ಧೈರ್ಯ ಮಾಡಿ ಕೇಳಿದೆ. "ಎಲ್ಲ ಸರಿ ಮಗಳೇ, ಆ ಮೋಕೋಗೆ ಕೆಮ್ಮು ವಾಸಿಯಾಯ್ತಾ?"

ಮೇಘನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಪ್ಪಾ, ಅದು ಕೆಮ್ಮಲ್ಲ. ಮೋಕೋ ನಗೋದೇ ಹಾಗೆ!"