ಹಿರೇ ಸಾವ್ಕಾರ್ರ ಲಾಗಿನ್

ಆದೋನ್ಯಾಗ ಒಂದು ಹತ್ತಿ ಮಿಲ್ಲಿನ ಆಫೀಸಿನ್ಯಾಗ ಕಂಪ್ಯೂಟರ್ ನೋಡಿಕೊಳ್ಳೋ ಕೆಲಸ ನಂದು. ಮಿಷನ್ ಕೆಡೋದು ಅಪರೂಪ. ಕೆಡೋರೆಲ್ಲ ಮನಷ್ಯಾರು. ಹಂಗಾಗಿ ನನಗ ಖಾಲಿ ಕುಂದ್ರೋ ಯೋಗ ಬಂದಿಲ್ಲ.

೧. ಮೂರೂರಾಗ ಒಬ್ಬರು

ಮಾರ್ಕೆಟ್ ಯಾರ್ಡಿನ್ಯಾಗ ಯಾವ ಹತ್ತಿ ಲಾಟಿಗೆ ಎಷ್ಟು ರೇಟ್ ಹಾಕಬೇಕಂತ ನಮ್ಮ ಸಾವ್ಕಾರ್ರು ಮುಂಜಾನೆನ ಸರ್ವರಿನ್ಯಾಗ ಬರೆದಿಡ್ತಾರ. ಈಗೀಗ ಚಲೋ ಲಾಟೆಲ್ಲ ಯಾರೋ ನಮಗಿಂತ ಒಂಚೂರು ಮ್ಯಾಲ ಹಾಕಿ ಎತ್ತಿಕೊಂಡು ಹೋಗಾಕತ್ತಿದ್ರು.

ಸಾವ್ಕಾರ್ರು ನನ್ನ ಕರೆದು ಮೆಲ್ಲಕ ಅಂದ್ರು. "ಹೊರಗಿಂದ ಯಾರೋ ನಮ್ಮ ರೇಟ್ ನೋಡಾಕತ್ತಾರ. ಬಂದ್ ಮಾಡು. ಆಗಲ್ಲಂದ್ರ ಯುಗಾದಿ ಆದಮ್ಯಾಲ ನೀ ಮನ್ಯಾಗ ಆರಾಮಿರು."

ಅವರು ಒದರಿದ್ರ ಹೆದರಿಕಿಲ್ಲ. ಮೆಲ್ಲಕ ಮಾತಾಡಿದ್ರ ನೌಕರಿ ಹೋದಂಗ.

ಹೊರಗಿಂದ ಯಾರ್ಯಾರು ಲಾಗಿನ್ ಆಗ್ಯಾರಂತ ತೆಗೆದು ನೋಡಿದೆ. ಅದರ ಪ್ರಕಾರ ಸಾವ್ಕಾರ್ರು ಮಂತ್ರಾಲಯದಾಗ ಇದ್ರು. ಅದೇ ಹೊತ್ತಿಗೆ ಪತ್ತಿಕೊಂಡದಾಗೂ ಇದ್ರು, ಮಾಧವರಂದಾಗೂ ಇದ್ರು. ಖುದ್ದು ಸಾವ್ಕಾರ್ರು ನನ್ನ ಎದುರಿಗೆ ಕುಂತು ಉಗ್ಗಾಣಿ ತಿನ್ನಾಕತ್ತಿದ್ರು.

"ನಿಮ್ಮ ಪಾಸ್‌ವರ್ಡ್ ಯಾರಿಗೆ ಕೊಟ್ಟೀರ್ರಿ?"

"ಯಾರಿಗೂ ಕೊಟ್ಟಿಲ್ಲ. ಕೇಳಿದವ್ರಿಗೆ ಹೇಳೀನಿ, ಅಷ್ಟ."

೨. ಎಲಿ ಹಾಕಿಲ್ಲ

ಪಾಸ್‌ವರ್ಡ್ ಬದಲಿ ಮಾಡಿ, ಯಾರ್ಯಾರು ಒಳಗ ಬರಬಹುದು ಅಂತ ಸರ್ವರಿಗೆ ಒಂದು ಪಟ್ಟಿ ಕೊಟ್ಟೆ. ಪಟ್ಟ್ಯಾಗ ಹೆಸರಿಲ್ಲದವ್ರನ್ನ ಅದು ಹೊಸ್ತಿಲ ದಾಟಿಸಲ್ಲ. ಸಾವ್ಕಾರ್ರು, ಮ್ಯಾನೇಜರ್, ನಾನು, ಇನ್ನ ಇಬ್ಬರು ಗುಮಾಸ್ತರು.

"ಅಪ್ಪಾರ ಹೆಸರೆಲ್ಲಿ?" ಅಂದ್ರು ಸಾವ್ಕಾರ್ರು.

"ಅವರು ತೀರಿಕೊಂಡಾರಲ್ರಿ."

"ತೀರಿಕೊಂಡ್ರ? ಲಗ್ನಪತ್ರಿಕ್ಯಾಗ ಹಾಕಲ್ಲೇನು? ಮೊದಲು ಅವರ್ದು, ಆಮ್ಯಾಲ ನಂದು."

ಅವರ ಅಪ್ಪ ಹಿರೇ ಸಾವ್ಕಾರ್ರ ಹಳೇ ಲಾಗಿನ್ ಎಲ್ಲಾ ಅಧಿಕಾರದ ಸಮೇತ ಹಂಗ ಇತ್ತು. ಪಟ್ಟ್ಯಾಗ ಎಲ್ಲಾರಿಗಿಂತ ಮ್ಯಾಲ ಕುಂದ್ರಿಸಿದೆ.

ಸಂಜಿಗೆ ಪತ್ತಿಕೊಂಡದ ಅಳಿಯಂದ್ರ ಫೋನ್ ಬಂತು. ಸಾವ್ಕಾರ್ರ ಅಕ್ಕನ ಗಂಡ ಇವರು. ಅವರ್ದೂ ಹತ್ತಿ ವ್ಯಾಪಾರನ.

"ಏಮಯ್ಯಾ, ಪಟ್ಟ್ಯಾಗ ನನ್ನ ಹೆಸರಿಲ್ಲಂತ. ಆ ಮನಿ ಅಳಿಯ ಅದೀನಿ ನಾ. ಉಣ್ಣಾಕ ಕುಂತವನ್ನ ಎಬ್ಬಿಸಿದಂಗಾತು."

"ಇದು ಊಟಲ್ರಿ, ಲಾಗಿನ್."

"ಎರಡೂ ಒಂದ. ಎಲಿ ಹಾಕಿಲ್ಲಂದ್ರ ಹಾಕಿಲ್ಲ. ಯುಗಾದಿಗೆ ನಾ ಬರಲ್ಲ."

ಯುಗಾದಿಗೆ ಬರಲ್ಲಂದವ್ರು ಮರುದಿನನ ಬಂದು, ಅತ್ತಿ ಕೈಲೆ ಹೋಳಿಗಿ ಮಾಡಿಸಿಕೊಂಡು ಉಂಡು, ನಕ್ಕೋಂತ ಹೋದ್ರು. ಹೋಳಿಗಿ ಸರ್ವರಿಗಿಂತ ದೊಡ್ಡದು ಅಂದ್ಕೊಂಡೆ.

೩. ಕಿಸೆದಾಗಿನ ಕೀಲಿ

ತಂಗಿ ಮಗನ ಜವಳಕ್ಕಂತ ಮಂತ್ರಾಲಯಕ್ಕ ಹೋಗಿದ್ದೆ. ಲಾಡ್ಜಿನ್ಯಾಗ ಇದ್ದಾಗ ಸಾವ್ಕಾರ್ರ ಫೋನ್. ದನಿ ಕೇಳಿಸದಷ್ಟು ಮೆಲ್ಲಕಿತ್ತು.

"ಇವತ್ತೂ ರೇಟ್ ಹೊರಗ ಹೋಗೇತಿ. ಇನ್ನೊಂದು ತಾಸಿಗೆ ದೊಡ್ಡ ಲಾಟ್ ಐತಿ. ಎಲ್ಲಾರನ್ನೂ ಬಂದ್ ಮಾಡು."

ಲ್ಯಾಪ್‌ಟಾಪ್ ತೊಡಿ ಮ್ಯಾಲ ಇಟ್ಕೊಂಡು ಪಟ್ಟ್ಯಾಗಿನ ಹೆಸರು ತೆಗೆದೆ. ಮ್ಯಾಲಿನ ಹೆಸರು ತೆಗೆಯಾಕ ಮಾತ್ರ ಕೈ ಬರಲಿಲ್ಲ. ಸತ್ತವ್ರು ಯಾರಿಗೆ ರೇಟ್ ಹೇಳ್ತಾರ? ಬಿಟ್ಟೆ. ಸೇವ್ ಒತ್ತಿದೆ. ಸರ್ವರ್ ನನ್ನನ್ನ ಹೊರಗ ಹಾಕಿ ಬಾಗಿಲ ಮುಚ್ಚಿತು. ಎಲ್ಲಾರು ಅಂದ್ರ ಅದರಾಗ ನಾನೂ ಬರ್ತೀನಂತ ಆಗ ಹೊಳೀತು.

ಮ್ಯಾನೇಜರ್ ಫೋನ್ ಹಚ್ಚಿದ. "ಸಾರ್, ಇಕ್ಕಡ ಎವರಿಕೀ ಓಪನ್ ಕಾಲೇದು. ಯಾರಿಗೂ ತೆರೀವಲ್ದು, ಸಾವ್ಕಾರ್ರಿಗೂ ಇಲ್ಲ. ಸರ್ವರ್ ಮುಂದನ ಕುಂತು ಮಾಡ್ತೀವಿ, ಆ ರೂಮಿನ ಕೀಲಿ ಎಲ್ಲೈತಿ?"

ಕಿಸೆ ಮುಟ್ಟಿ ನೋಡಿಕೊಂಡೆ.

"ಸ್ವಾಮಿ ಸನ್ನಿಧ್ಯಾಗ ಐತಿ."

೪. ಒಳಗ ಒಬ್ಬರು ಅದಾರ

ಪಟ್ಟ್ಯಾಗ ಉಳಿದಿದ್ದು ಒಂದ ಹೆಸರು. ಸಾವ್ಕಾರ್ರ ತಾಯಿಗೆ, ನಾವು ಅಮ್ಮಾರು ಅನ್ನೋರಿಗೆ, ಫೋನ್ ಹಚ್ಚಿದೆ.

"ಅಮ್ಮಾರೆ, ಹಿರೇರ ಪಾಸ್‌ವರ್ಡ್ ಏನಾರ ಗೊತ್ತೇನ್ರಿ?"

"ನಮ್ಮ ಬಿಳಿ ಎತ್ತಿನ ಹೆಸರಪ್ಪ. ಮೊನ್ನೆ ಅಳಿಯಂದ್ರೂ ಅದನ್ನ ಕೇಳಿದ್ರು. ಎಲ್ಲಾರಿಗೂ ಈಗ ಆ ಎತ್ತು ನೆಪ್ಪಾಗೇತಿ."

ಎತ್ತಿನ ಹೆಸರು ಕೇಳಿಕೊಂಡು ಒತ್ತಿದೆ. ಬಾಗಿಲ ತೆಗೀತು. ಅಷ್ಟರಾಗ ಸಾವ್ಕಾರ್ರ ಫೋನ್ ಬಂತು.

"ಒಳಗ ಯಾರಾರ ಅದಾರೇನು?"

"ಒಬ್ಬರು ಅದಾರ್ರಿ."

"ಯಾರು?"

"ನಿಮ್ಮ ಅಪ್ಪಾರು. ಪತ್ತಿಕೊಂಡದಾಗ ಅದಾರ."

ನಾ ಹಿರೇರನ್ನ ಮರ್ಯಾದಿಲೆ ಹೊರಗ ಕಳಿಸಿ, ಅವರ ಪಾಸ್‌ವರ್ಡ್ ಬದಲಿ ಮಾಡಿ, ಸಾವ್ಕಾರ್ರಿಗೆ ದಾರಿ ಬಿಟ್ಟೆ. ಅವತ್ತು ದೊಡ್ಡ ಲಾಟ್ ನಮಗ ಬಂತು.

ಮರುದಿನ ಅವರ ಮುಂದ ನಿಂತು ಅಳಿಯಂದ್ರ ಹೆಸರು ಹೇಳಿದೆ. ಮೆಲ್ಲಕನ ಅಂದ್ರು. "ನಮ್ಮ ಬಾವನ ಮ್ಯಾಲ ಅಪವಾದ ಹೊರಿಸಾಕತ್ತಿ. ಪತ್ತಿಕೊಂಡದಾಗ ಅವರೊಬ್ಬರ ಅದಾರೇನು? ಅವರ ಅಂತ ಗುರ್ತು ಏನೈತಿ? ಇಲ್ಲಂದ್ರ ರೂಮಿನ ಕೀಲಿ ಇಟ್ಟು ನಡಿ."

ಎತ್ತಿನ ಹೆಸರು ಕೇಳಿದ್ರು ಅನ್ನೋದು ಬಿಟ್ರ ಬ್ಯಾರೆ ಗುರ್ತು ಇರಲಿಲ್ಲ. ಕಿಸೆಕ್ಕ ಕೈ ಹಾಕಿದೆ. ಕೀಲಿ ತೆಗೆದು ಮೇಜಿನ ಮ್ಯಾಲ ಇಟ್ಟೆ. ಅಷ್ಟರಾಗ ನನ್ನ ಫೋನ್ ಬಡೀತು. ಅಳಿಯಂದ್ರು. ಸಾವ್ಕಾರ್ರು ಕಣ್ಣಿಲೆ ಸ್ಪೀಕರ್ ಹಾಕಂದ್ರು.

"ಏಮಯ್ಯಾ," ಅಳಿಯಂದ್ರು ಬೆಂಕಿ ಆಗಿದ್ರು. "ನನ್ನ ಹೆಸರು ಹಾಕಲಿಲ್ಲ, ಹೋಗ್ಲಿ ಅಂತ ಬಿಟ್ಟೆ. ನಿನ್ನೆಯಿಂದ ನಮ್ಮ ಮಾವಾರನ್ನೂ ಒಳಗ ಬಿಡಾಕತ್ತಿಲ್ಲಲ್ಲ ನೀನು? ಅಂಥಾ ಹಿರೇರಿಗೆ ಇದೇನು ನೀವು ಮಾಡೋ ಮರ್ಯಾದಿ?"

ನಾ ಸಾವ್ಕಾರ್ರ ಮಾರಿ ನೋಡಿದೆ. ಅವರು ಕೀಲಿ ನನ್ನ ಕಡೆ ಸರಿಸಿ, ಫೋನಿಗೆ ಬಗ್ಗಿ, ಎಂದಿಗಿಂತ ಮೆಲ್ಲಕ ಅಂದ್ರು.

"ಬಾವ, ಅಪ್ಪಾರು ತೀರಿಕೊಂಡಾರ. ಮಣ್ಣಿಗೆ ನೀವೂ ಬಂದಿದ್ರಿ."