ಮಣಕಕ್ಕೆ ತೆಗೆದ ದೃಷ್ಟಿ

ಒಂದು ವಿಷಯವನ್ನು ಮೂವತ್ತು ವರ್ಷ ಪಾಠ ಮಾಡಿದವನಿಗೆ ಆ ವಿಷಯ ತಿಳಿದಿರಲೇಬೇಕೆಂದೇನೂ ಇಲ್ಲ. ನಾನೇ ಸಾಕ್ಷಿ. ಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಸಂತಾನೋತ್ಪತ್ತಿಯ ಪಾಠ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಂಡು, ಇದನ್ನು ಮನೆಯಲ್ಲೇ ಓದಿಕೊಳ್ಳಿರೆಂದು ಮುಂದಿನ ಪಾಠಕ್ಕೆ ಜಿಗಿಯುತ್ತಿದ್ದೆ.

ನಿವೃತ್ತಿಯ ಮರುವರ್ಷ ನನ್ನ ಹೆಂಡತಿ ಶಾಂತವ್ವ ಸೊರಟೂರಿನ ತನ್ನ ತವರಿಂದ ಮಕ್ಕಳಿಲ್ಲದ ನಮ್ಮ ಮನೆಗೆ ಒಂದು ಹೆಣ್ಣುಕರು ತಂದು ಗೌರಿ ಎಂದು ಹೆಸರಿಟ್ಟಳು. ಅದು ಮೈತುಂಬಿದ ಮಣಕವಾಯಿತು, ಆದರೆ ಮೂರು ವರ್ಷ ದಾಟಿದರೂ ಬೆದೆಗೆ ಬರಲಿಲ್ಲ. ಹೋರಿ ಬೇಕೆನ್ನುವ ಸೂಚನೆಯೇ ನಮಗೆ ಕಾಣಲಿಲ್ಲ. ಪಕ್ಕದ ಮನೆಯ ಹುಸೇನಸಾಬರು ಮೊಳಕೆ ಕಟ್ಟಿದ ಹೆಸರುಕಾಳು ತಿನ್ನಿಸಿ ಎಂದರು. ಡೇರಿಯವನು ಖನಿಜದ ಪುಡಿ ಕೊಟ್ಟ. ನನ್ನ ತಮ್ಮ ಫೋನಿನಲ್ಲಿ ಏನೋ ನೋಡಿ ಹಾರ್ಮೋನಿನ ದೋಷ ಎಂದ. ಯಾರನ್ನು ನಂಬುವುದೋ ತಿಳಿಯದೆ ಎಲ್ಲರ ಮಾತನ್ನೂ ಕೇಳಿದೆ. ಮಣಕ ದಪ್ಪಗಾಯಿತು, ನಾನು ಸೊರಗಿದೆ. ಕೊನೆಗೊಂದು ದಿನ ತಲೆಕೆಟ್ಟು, ನಿಮ್ಮ ತವರಿನವರು ಬಂಜೆ ಮಣಕ ಸಾಗಹಾಕಿದ್ದಾರೆ, ಬರುವ ವಾರ ಸಂತೆಗೆ ಹೊಡೆಯೋಣ ಎಂದುಬಿಟ್ಟೆ. ಶಾಂತವ್ವ ಗೌರಿಯ ಮೈದಡವುತ್ತ ನಿಂತಳು.

ಸಂತೆಗೆ ಮುಂಚೆ ಒಮ್ಮೆ ತೋರಿಸಿಬಿಡೋಣವೆಂದು ದನದ ಡಾಕ್ಟರನ್ನು ಕರೆಸಿದೆ. ಬಂದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಪರೀಕ್ಷೆ ಮಾಡಿ, ಒಳಗೆ ಎಲ್ಲ ನೆಟ್ಟಗಿದೆ ಎಂದಳು. ಆಗಾಗ ಮೇವು ಬಿಟ್ಟು ಒದರುತ್ತದೆಯೇ ಎಂದು ಕೇಳಿದಳು. ಒದರುತ್ತದೆ, ಮೂರು ವಾರಕ್ಕೊಮ್ಮೆ ಯಾರದೋ ಕೆಟ್ಟ ಕಣ್ಣು ಬೀಳುತ್ತದೆ, ನಾನೇ ಕೈಯಾರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತೇನೆ, ಮರುದಿನಕ್ಕೆ ಸುಮ್ಮನಾಗುತ್ತದೆ, ಒಮ್ಮೆಯೂ ತಪ್ಪಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ.

ಆಕೆ ಕೈಗವಸು ಬಿಚ್ಚುತ್ತ ನೆಲ ನೋಡಿದಳು.

"ಸರ್, ಬೆದಿ ಅಂದ್ರ ಅದ ರೀ. ಒಂದ ದಿನ ಇದ್ದು ತಾನ ಇಳೀತೈತಿ. ಆ ಪಾಠ ನಾವು ಮನ್ಯಾಗ ಓದ್ಕೊಂಡ್ವಿ. ನೀವು ಓದಿದ್ದಿಲ್ಲೇನ್ರಿ?"

ಅವತ್ತಿನಿಂದ ನೋಟ್‌ಬುಕ್ ಹಿಡಿದು ಬೆಳಿಗ್ಗೆ ಸಂಜೆ ಗೌರಿಯ ಎದುರು ಕುಳಿತೆ. ಅದು ಕಿವಿ ಅಲ್ಲಾಡಿಸಿದರೂ ಬರೆದೆ. ಮುಂದಿನ ಸಲ ಒದರಿದ ಕೂಡಲೇ ಫೋನು ಮಾಡಿದೆ, ಡಾಕ್ಟರು ಬಂದು ಗರ್ಭಧಾರಣೆ ಮಾಡಿ ಹೋದಳು. ಮೂರು ವಾರ ಕಳೆಯಿತು, ಆರಾಯಿತು, ಗೌರಿ ಒದರಲಿಲ್ಲ. ಒದರಿದಾಗ ಹೆದರುತ್ತಿದ್ದವನು ಈಗ ಒದರದ್ದಕ್ಕೆ ಹಿಗ್ಗಬೇಕೋ ಬೇಡವೋ ತಿಳಿಯದೆ ಒದ್ದಾಡಿದೆ. ಮೂರು ತಿಂಗಳಿಗೆ ಡಾಕ್ಟರು ಮತ್ತೆ ನೋಡಿ, ಗಬ್ಬ ನಿಂತಿದೆ ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಶಾಂತವ್ವನ ಮುಂದೆ ನೋಟ್‌ಬುಕ್ ಬಿಡಿಸಿ, ಗೌರಿ ಮೇವು ಬಿಟ್ಟ ಒಂದೊಂದು ಹೊತ್ತೂ ಇದರಲ್ಲಿದೆ ನೋಡು ಎಂದೆ.

ಆಕೆ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

"ನೀವು ಬಂಜಿ ಅಂದ ದಿನ ನಾನೂ ಉಂಡಿದ್ದಿಲ್ರಿ. ಅದನ್ನೂ ಬರಕೊಳ್ರಿ."

ಪೆನ್ನು ತೆಗೆದೆ. ಅದು ಯಾವ ದಿನವೆಂದು ನೆನಪಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.