ಶಾಲು ಹೊದ್ದ ಕೋಚ್

ಮದ್ರಾಸಿನಲ್ಲಿ ಹುಡುಗಿಯೊಬ್ಬಳು ರಗ್ಬಿ ಆಡ್ತೀನಿ ಅಂತ ಹೊರಟರೆ ಮೈದಾನದೊಳಗೆ ಬೀಳೋ ಪೆಟ್ಟು ಏನೂ ಅಲ್ಲ, ಹೊರಗೆ ಬೀಳೋದೇ ಜಾಸ್ತಿ. ನನಗಂತೂ ಬೀಳ್ತಾನೇ ಇವೆ. ಹೇಳಿದರೆ ಎಲ್ಲರೂ ನಗ್ತಾರೆ, ನನಗೆ ಮಾತ್ರ ಇನ್ನೂ ಹೊಟ್ಟೆ ಉರಿಯುತ್ತೆ.

ಬಾತ್‌ರೂಮು

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ನಾನು ಆಡೋದು ಥ್ರೋಬಾಲ್ ಅಂತ ಅಮ್ಮ ಟಿ. ನಗರದ ನೆಂಟರಿಗೆಲ್ಲ ಹೇಳಿಟ್ಟಿದ್ದಳು. ತೊಂಬತ್ತೊಂಬತ್ತರಲ್ಲಿ ಗಂಡಿನ ಕಡೆಯವರು ನೋಡೋಕೆ ಬಂದ ದಿನ ನನ್ನ ಕಣ್ಣು ಊದಿ ಬದನೆಕಾಯಿ ಆಗಿತ್ತು.

"ಬಾತ್‌ರೂಮಲ್ಲಿ ಜಾರಿಬಿಟ್ಟಳು" ಅಂದಳು ಅಮ್ಮ.

ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಕೈಗೆ ಕಟ್ಟು.

"ಮತ್ತೆ ಬಾತ್‌ರೂಮಾ?"

"ಹೂಂ ಕಣ್ರೀ."

ಸಂಬಂಧ ಮುರೀತು. ಹುಡುಗಿ ಪರವಾಗಿಲ್ಲ, ಆದರೆ ಅಂಥಾ ಬಾತ್‌ರೂಮಿರೋ ಮನೆಗೆ ಹಬ್ಬಕ್ಕೆ ಅಂತ ನಮ್ಮ ಹುಡುಗನನ್ನ ಹೇಗ್ರೀ ಕಳಿಸೋದು ಅಂದರಂತೆ.

ಗೇಟು

ಮಂಡಿ ಹೋಯ್ತು, ಆಟ ನಿಂತಿತು. ಒಂದು ಹೆಣ್ಣುಮಕ್ಕಳ ಕಾಲೇಜಲ್ಲಿ ಕೋಚ್ ಆದೆ, ಟೆಂಪರರಿ. "ಡಾಕ್ಟರೇಟ್ ತಗೊಂಬನ್ನಿ, ಮಾರನೇ ದಿನವೇ ಪರ್ಮನೆಂಟು" ಅಂದರು ಪ್ರಿನ್ಸಿಪಾಲರು. ಆ ಒಂದು ಮಾತು ನಂಬಿಕೊಂಡು ಪಿಎಚ್‌ಡಿಗೆ ಸೇರಿದೆ.

ಮೈದಾನದ ವಾಚ್‌ಮನ್ ದಿನಾ ಬೆಳಗ್ಗೆ ಕೇಳೋನು, "ಕೋಚ್ ಸಾರ್ ಎಲ್ಲಿ?"

"ನಾನೇ ಕಣಪ್ಪಾ ಕೋಚ್."

"ಸರಿಮ್ಮಾ. ಸಾರ್ ಬರೋವರೆಗೂ ನೆರಳಲ್ಲಿ ನಿಂತ್ಕೊಳ್ಳಿ."

ನಾಲ್ಕು ವರ್ಷ ನಿಂತೆ.

ಪೊನ್ನಾಡೆ

ತಿರುವೊಟ್ಟಿಯೂರಿನ ಕಡೆ ಒಂದು ಟೂರ್ನಮೆಂಟ್. ನನ್ನ ಹುಡುಗಿಯರು ಕಪ್ ಗೆದ್ದರು! ಶಾಲು ಹೊದಿಸದೆ ಈ ಊರಲ್ಲಿ ಯಾವ ಫಂಕ್ಷನ್ನೂ ಮುಗಿಯೋದಿಲ್ಲ. ಪೊನ್ನಾಡೆ ಅಂತಾರೆ ಅದಕ್ಕೆ. "ಕೋಚ್ ವೇದಿಕೆಗೆ ಬರಬೇಕು" ಅಂತ ಮೈಕಲ್ಲಿ ಕೂಗಿದರು. ಸೆರಗು ಸರಿಮಾಡಿಕೊಂಡು ಹತ್ತಿದೆ. ನನ್ನ ಹಿಂದೆಯೇ ನಮ್ಮ ವ್ಯಾನ್ ಡ್ರೈವರ್ ನೀರಿನ ಕ್ಯಾನ್ ಹೊತ್ತು ಬರ್ತಿದ್ದ. ಒಳ್ಳೇ ಮೈಕಟ್ಟು, ಒಳ್ಳೇ ಮೀಸೆ. ಮುಖ್ಯ ಅತಿಥಿಗಳು ನನ್ನನ್ನ ಪಕ್ಕಕ್ಕೆ ಸರಿಸಿ ಶಾಲನ್ನ ಅವನಿಗೆ ಹೊದಿಸಿಬಿಟ್ಟರು.

"ಅಯ್ಯೋ ಸಾರ್, ನಾನು ಡ್ರೈವರು!" ಅಂತ ಅವನು ಬಡಕೊಂಡ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಫೋಟೋ ತೆಗೆದರು: ಮಧ್ಯದಲ್ಲಿ ಶಾಲು ಹೊದ್ದು ಅವನು, ಮೂಲೆಯಲ್ಲಿ ನೀರಿನ ಕ್ಯಾನ್ ಹಿಡಿದು ನಾನು.

ವಾಪಸ್ ಬರ್ತಾ ಪಾಪ ಅವನೇ ಅಳೋ ಹಾಗಾಗಿದ್ದ. "ಅಕ್ಕಾ, ಶಾಲು ನಿಮ್ಮದು, ತಗೊಳ್ಳಿ."

"ನೀನೇ ಇಟ್ಕೊಳ್ಳಪ್ಪಾ, ನಿನಗೇ ಒಪ್ಪುತ್ತೆ" ಅಂದೆ. ಸಿಟ್ಟಿಗೆ ನನಗೂ ಕಣ್ಣಲ್ಲಿ ನೀರು ಬಂದಿತ್ತು.

ವೈವಾ

ಆರು ವರ್ಷ ಒದ್ದಾಡಿ ಹೆಂಗಸರ ರಗ್ಬಿ ಮೇಲೇ ಥೀಸಿಸ್ ಬರೆದೆ. ತಂಡದ್ದು ಅಂತ ಇದ್ದದ್ದು ಆ ಶಾಲಿನ ಫೋಟೋ ಒಂದೇ, ಅದನ್ನೇ ಹಾಕಿದ್ದೆ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದರ ಮೇಲೆ ಬೆರಳಿಟ್ಟರು.

"ಇಷ್ಟೆಲ್ಲ ಬರೆದಿದ್ದೀರಿ, ಈ ಕೋಚನ್ನ ಒಂದು ಮಾತೂ ಕೇಳಿಲ್ಲವಲ್ಲ?"

"ಸಾರ್, ಅವರು ವ್ಯಾನ್ ಡ್ರೈವರು. ಕೋಚ್ ನಾನು."

"ಹೊಟ್ಟೆಕಿಚ್ಚು ಒಳ್ಳೇದಲ್ಲಮ್ಮಾ. ಅವರ ಸಂದರ್ಶನ ಸೇರಿಸಿ, ಆಮೇಲೆ ಸಹಿ ಹಾಕ್ತೀನಿ."

ಏನು ಮಾಡಲಿ? ಸಹಿ ಇಲ್ಲದೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದೆ ಕೆಲಸ ಇಲ್ಲ. ವ್ಯಾನಿನಲ್ಲೇ ಕೂತು ಅವನನ್ನ ಕೇಳಿದೆ, ಅವನು ಹೇಳಿದ್ದನ್ನ ಒಂದಕ್ಷರ ಬಿಡದೆ ಬರೆದೆ: "ನನಗೆ ಈ ಆಟ ಒಂಚೂರೂ ಗೊತ್ತಿಲ್ಲ. ಎಲ್ಲಾ ಕಲಿಸಿದ್ದು ಅಕ್ಕ. ನಾನು ವ್ಯಾನಲ್ಲಿ ಮಲಗಿರ್ತೀನಿ."

ಪರೀಕ್ಷಕರು ಸಹಿ ಹಾಕಿದರು. ಆ ಸಂದರ್ಶನದ ಪುಟದ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದರು: "ಎಂಥ ವಿನಯ! ಇವರನ್ನು ನೋಡಿ ಕಲಿಯಿರಿ."